ಹಳ್ಳಿಗೆ ಹೋದವರು ಹಳ್ಳಿಯಲ್ಲಿ ನಿಲ್ಲುವ ಬಗೆ

ನಮ್ಮ ಗೋವಿಂದರಾಜನಗರದಿಂದ ಮಾಗಡಿ ರಸ್ತೆಯನ್ನು ಹಿಡಿದು ಪೂರ್ವಕ್ಕೆ ಸ್ವಲ್ಪ ದೂರ ನಡೆದರೆ ಆರೋಗ್ಯ ಸೌಧವು ಕಾಣುವುದು. ರಾಜ್ಯದ ಆರೋಗ್ಯ ಇಲಾಖೆಯ ಮುಖ್ಯ ಕಚೇರಿಗಳು ಅಲ್ಲಿವೆ. ಇಲಾಖೆಯ ನೌಕರರಿಗೆ ಶಿಕ್ಷಣವನ್ನೀಯುವ ರಾಜ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಂಸ್ಥೆಯೂ ಅದೇ ರಸ್ತೆಯಲ್ಲಿರುವುದು. ಇನ್ನು ಅದೇ ರಸ್ತೆಯನ್ನು ಪಶ್ಚಿಮಕ್ಕೆ ಹಿಡಿದರೆ ತಾವರೆಕೆರೆಯನ್ನು ದಾಟಿ ಮಾಗಡಿ ಸೀಮೆಯ ಹಳ್ಳಿಗಳನ್ನು ಸೇರಬಹುದು. ಆಜ್ಞೆಯನ್ನು ಬರೆಯುವ ಮೇಜಿಗೂ ಅದು ನಡೆಯಬೇಕಾದ ಹಳ್ಳಿಗೂ ನಡುವೆ ಇರುವುದು ಒಂದೇ ದಾರಿ. ಈ ದಾರಿಯಲ್ಲಿ ಡಾಕ್ಟರನ್ನೂ ದಾದಿಯನ್ನೂ ಹಳ್ಳಿಗೆ ಕಳುಹಿಸುವುದು ಹೇಗೆಂದು ಸರಕಾರದವರು ಬಹುಕಾಲದಿಂದ ಯೋಚಿಸುತ್ತ ಬಂದಿದ್ದಾರೆ. ಹೋದವರು ಅಲ್ಲಿ ನಿಲ್ಲುವುದು ಹೇಗೆಂಬುದನ್ನು ಅಷ್ಟೇ ಶ್ರದ್ಧೆಯಿಂದ ಯೋಚಿಸಿದ್ದಾರೆಯೇ ಎಂಬುದು ನಮ್ಮ ಇಂದಿನ ಪ್ರಶ್ನೆ.

ಈ ವಿಷಯದಲ್ಲಿ ನಮ್ಮ ನಾಡು ಅನುಭವವಿಲ್ಲದ ನಾಡಲ್ಲ. ಹಿಂದಿನ ಮೈಸೂರು ಸಂಸ್ಥಾನದವರು 1920ರ ದಶಕದ ಕೊನೆಯಲ್ಲಿ ಅಮೆರಿಕೆಯ ರಾಕ್‌ಫೆಲ್ಲರ್ ಪ್ರತಿಷ್ಠಾನದ ಸಹಾಯವನ್ನು ಪಡೆದು ಸಾರ್ವಜನಿಕ ಆರೋಗ್ಯದ ಕೆಲಸವನ್ನು ಹೊಸದಾಗಿ ಏರ್ಪಡಿಸಿದರು. ಮಂಡ್ಯದಲ್ಲಿ ಗ್ರಾಮಾಂತರ ಆರೋಗ್ಯ ಘಟಕವು ಹುಟ್ಟಿತು. ಮುಂದೆ 1930ರ ದಶಕದಲ್ಲಿ, ಆಗ ಕ್ಲೋಸ್‌ಪೇಟೆಯೆಂದು ಕರೆಯಲ್ಪಡುತ್ತಿದ್ದ ರಾಮನಗರದಲ್ಲಿ ಆರೋಗ್ಯ ಶಿಕ್ಷಣ ಕೇಂದ್ರವು ಸ್ಥಾಪಿತವಾಯಿತು. ಹಳ್ಳಿಯ ಕೆಲಸವನ್ನು ಹಳ್ಳಿಗಳ ನಡುವೆಯೇ ಕಲಿಯಬೇಕೆಂಬುದು ಅದರ ತತ್ವ. ಬಾವಿಯ ನೀರನ್ನು ಪರೀಕ್ಷಿಸುವವನು ಬಾವಿಯ ಕಟ್ಟೆಯ ಮೇಲೆಯೇ ಕಲಿತನು; ಬಾಣಂತಿಯ ಆರೈಕೆಯನ್ನು ಕಲಿಯುವವಳು ಬಾಣಂತಿಯ ಮನೆಗೇ ಹೋಗಿ ಕಲಿತಳು. ಬೆಂಗಳೂರಿನಿಂದ ಮೂವತ್ತು ಮೈಲಿಯ ಒಳಗಡೆ ನಡೆದ ಈ ಕಾರ್ಯವನ್ನು ಇಂದು ಬೆಂಗಳೂರಿಗರೇ ಮರೆತಿರುವುದು ಶೋಚನೀಯ.

ಆಮೇಲೆ ನಡೆದುದೇನು? 1943ರಲ್ಲಿ ನೇಮಕವಾಗಿ 1946ರಲ್ಲಿ ವರದಿಯನ್ನೊಪ್ಪಿಸಿದ ಭೋರ್ ಸಮಿತಿಯು ಪ್ರಾಥಮಿಕ ಆರೋಗ್ಯ ಕೇಂದ್ರವೆಂಬ ಮಹತ್ತಾದ ಕಲ್ಪನೆಯನ್ನು ದೇಶಕ್ಕೆ ಕೊಟ್ಟಿತು. ಅದೇ ಸಮಿತಿಯು, ಇನ್ನು ಮುಂದೆ ಒಂದೇ ದರ್ಜೆಯ ಪದವೀಧರ ಡಾಕ್ಟರು ಸಾಕೆಂದೂ ಎಲ್.ಎಂ.ಪಿ. ಎಂಬ ಕೆಳದರ್ಜೆಯ ಶಿಕ್ಷಣವು ನಿಲ್ಲಬೇಕೆಂದೂ ಬಹುಮತದಿಂದ ಸೂಚಿಸಿತು. ಆ ಕಾಲದಲ್ಲಿ ದೇಶದಲ್ಲಿದ್ದ ಸುಮಾರು 47,500 ಡಾಕ್ಟರುಗಳ ಪೈಕಿ ಸುಮಾರು 30,000 ಮಂದಿ ಈ ಎಲ್.ಎಂ.ಪಿ.ಗಳೇ ಆಗಿದ್ದರು. ವಿದ್ಯೆಯ ಮಟ್ಟವು ಏರಬೇಕೆಂಬ ಉದ್ದೇಶವು ಸಾಧುವಾದುದೇ. ಆದರೆ ಪೇಟೆ ಪಟ್ಟಣಗಳಲ್ಲಿಯೂ ಹೋಬಳಿಗಳಲ್ಲಿಯೂ ನೆಲೆಸುತ್ತಿದ್ದ ಒಂದು ವರ್ಗವು ಕ್ರಮೇಣ ಅಳಿದುಹೋಗಿ, ಅದರ ಸ್ಥಾನವನ್ನು ತುಂಬಬೇಕಾದ ಪದವೀಧರನು ನಗರವನ್ನು ಬಿಟ್ಟು ಕದಲದೆ ಹೋದನು.

ಕದಲದವನನ್ನು ಕದಲಿಸಲು ನಮ್ಮ ಶಾಸನಸಭೆಯು ಕಾನೂನಿನ ಆಶ್ರಯವನ್ನು ಪಡೆಯಿತು. 2012ರ ಕಡ್ಡಾಯ ಸೇವೆಯ ಅಧಿನಿಯಮವು, ವೈದ್ಯ ವ್ಯಾಸಂಗವನ್ನು ಮುಗಿಸಿದವರು ಒಂದು ವರ್ಷ ಸರಕಾರೀ ಸೇವೆ ಮಾಡತಕ್ಕದ್ದೆಂದು ವಿಧಿಸಿತು; ತಪ್ಪಿದವರಿಗೆ ಲಕ್ಷಗಟ್ಟಲೆ ದಂಡವನ್ನೂ ಗೊತ್ತುಪಡಿಸಿತು. ವ್ಯಾಜ್ಯವು ಉಚ್ಚ ನ್ಯಾಯಾಲಯದವರೆಗೆ ಹೋಗಿ 2019ರಲ್ಲಿ ಶಾಸನವೇ ಗೆದ್ದಿತು. ಆದರೆ 2023ರಲ್ಲಿ ಸರಕಾರದವರೇ ಅದನ್ನು ತಿದ್ದಿ, ಖಾಲಿ ಹುದ್ದೆಗಳಿಗೆ ಬೇಕಾದಷ್ಟು ಮಂದಿಯನ್ನು ಮಾತ್ರ ಕರೆಯುವಂತೆ ಸಡಿಲಿಸಿದರು. ಏಕೆಂದರೆ ವರ್ಷವರ್ಷವೂ ಹೊರಬೀಳುವ ಪದವೀಧರರು ಹುದ್ದೆಗಳಿಗಿಂತ ಹೆಚ್ಚಾಗಿದ್ದರು. ಇದರ ಅರ್ಥವನ್ನು ವಾಚಕರು ಸ್ವಲ್ಪ ವಿಚಾರಿಸಿ ನೋಡಬೇಕು. ನಮಗಿರುವ ಕೊರತೆಯು ತಲೆಯೆಣಿಕೆಯದಲ್ಲ, ನಿಲ್ಲುವವರದು. ಒಂದು ವರ್ಷದ ಡಾಕ್ಟರು ಊರಿನ ಮನೆಗಳನ್ನು ಗುರುತಿಸುವ ಹೊತ್ತಿಗೆ ಅವನ ಗಡುವು ಮುಗಿದಿರುವುದು. ಕ್ಷಯರೋಗಿಯು ಆರು ತಿಂಗಳು ಬಿಡದೆ ಔಷಧವನ್ನು ಸೇವಿಸಬೇಕು. ಸಕ್ಕರೆಯ ಕಾಯಿಲೆ, ರಕ್ತದ ಒತ್ತಡಗಳಿಗೆ ಆಜೀವ ಚಿಕಿತ್ಸೆ ಬೇಕು. ಇಂತಹ ರೋಗಗಳಿಗೆ ವರ್ಷಕ್ಕೊಮ್ಮೆ ಬದಲಾಗುವ ಮುಖಗಳಿಂದ ಉಪಶಮನವಾಗಲಾರದು.

ಹಳ್ಳಿಯನ್ನು ಬಿಟ್ಟುಬರುವ ಡಾಕ್ಟರನ್ನು ಸ್ವಾರ್ಥಿಯೆಂದು ಹಳಿಯುವುದು ಸುಲಭ, ಅದರಿಂದ ಪ್ರಯೋಜನವಿಲ್ಲ. ವಾಸಕ್ಕೆ ಯೋಗ್ಯವಾದ ಮನೆಯಿಲ್ಲ. ಮಕ್ಕಳಿಗೆ ಪಾಠಶಾಲೆ ಹತ್ತಿರವಿಲ್ಲ. ಪತ್ನಿಗೋ ಪತಿಗೋ ಅಲ್ಲಿ ಉದ್ಯೋಗವಿಲ್ಲ. ಅಪರಾತ್ರಿಯಲ್ಲಿ ಕಠಿನವಾದ ಹೆರಿಗೆಯು ಬಂದರೆ ಕೇಳುವುದಕ್ಕೆ ಇನ್ನೊಬ್ಬ ಡಾಕ್ಟರಿಲ್ಲ, ರಕ್ತವಿಲ್ಲ. ರೋಗಿಯು ಸತ್ತರೆ ಜನರ ಕೋಪವನ್ನು ಒಬ್ಬಂಟಿಯಾಗಿ ಎದುರಿಸಬೇಕು. ಮುಂದಿನ ವ್ಯಾಸಂಗದ ಪರೀಕ್ಷೆಗೆ ಓದುತ್ತಿರುವ ನಗರದ ಸಹಪಾಠಿಗಳು ತನ್ನನ್ನು ಹಿಂದೆ ಹಾಕುವರೆಂಬ ಭಯವೂ ಇರುವುದು. ಇಷ್ಟೂ ತೊಡಕುಗಳನ್ನು ಹಾಗೆಯೇ ಇಟ್ಟುಕೊಂಡು ಬರೆದ ಆಜ್ಞೆಯು ಕಾಗದವಾಗಿಯೇ ಉಳಿಯುವುದು.

ಹಾಗಾದರೆ ನಿಲ್ಲುವವರು ಯಾರು? ತುಮಕೂರು ಜಿಲ್ಲೆಯ ಪಾವಗಡ ತಾಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರನ್ನು ನೆನೆಯೋಣ. ಅಜ್ಜಿಯಿಂದ ಕಲಿತ ವಿದ್ಯೆಯಿಂದ, ಕಾಸನ್ನು ಬೇಡದೆ, ಸುಮಾರು 15,000 ಹೆರಿಗೆಗಳನ್ನು ಮಾಡಿಸಿದವರೆಂದು ಪ್ರಸಿದ್ಧಿ. 2018ರಲ್ಲಿ ಪದ್ಮಶ್ರೀಯು ಅವರಿಗೆ ದೊರೆಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ನಮ್ಮ ಕೆಂಗೇರಿಯ ಆಸ್ಪತ್ರೆಯೊಂದರಲ್ಲಿ ಅವರು ತೀರಿಕೊಂಡರು. ಶಿಕ್ಷಿತ ದಾದಿಗೂ ಆಸ್ಪತ್ರೆಗೂ ಸೂಲಗಿತ್ತಿಯು ಬದಲಾಗಲಾರಳು ಎಂಬುದನ್ನು ನಾವು ಬಲ್ಲೆವು. ರಕ್ತಸ್ರಾವವನ್ನು ಕೈಗುಣವೊಂದೇ ನಿಲ್ಲಿಸದು. ಆದರೆ ಅವರನ್ನು ಜೀವಮಾನವಿಡೀ ಆ ಬರಗಾಲದ ಸೀಮೆಯಲ್ಲಿ ನಿಲ್ಲಿಸಿದ ಆಜ್ಞೆ ಯಾವುದೂ ಇರಲಿಲ್ಲ. ಅದು ಅವರ ಊರಾಗಿತ್ತು, ಅಷ್ಟೇ.

ಈ ಊರಿನ ನಂಟಿಗೆ ಶಾಸ್ತ್ರೀಯ ಶಿಕ್ಷಣವನ್ನು ಸೇರಿಸಬಹುದೆಂಬುದಕ್ಕೆ ಬಿಳಿಗಿರಿರಂಗನ ಬೆಟ್ಟವು ಸಾಕ್ಷಿ. ಡಾಕ್ಟರ್ ಎಚ್. ಸುದರ್ಶನರು 1981ರಲ್ಲಿ ಅಲ್ಲಿ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ಸೋಲಿಗರ ಹೆಣ್ಣುಮಕ್ಕಳನ್ನೇ ಆರಿಸಿ ಆರೋಗ್ಯ ಸಹಾಯಕಿಯರನ್ನಾಗಿ ತಯಾರು ಮಾಡಿತು. ಹಾಡಿಯ ಮಾತು, ಹಾಡಿಯ ದಾರಿ, ಹಾಡಿಯ ಭಯಗಳನ್ನು ಬಲ್ಲವಳಿಗೆ ಕಾಡು ಶಿಕ್ಷೆಯ ಸ್ಥಳವಾಗಿ ತೋರದು. ಪರದೇಶದ ಉದಾಹರಣೆ ಬೇಕಾದರೆ ಜಪಾನಿನಲ್ಲಿ 1972ರಲ್ಲಿ ಸ್ಥಾಪಿತವಾದ ಜಿಚಿ ವೈದ್ಯ ವಿದ್ಯಾಲಯವನ್ನು ನೋಡಬಹುದು. ಪ್ರತಿಯೊಂದು ಪ್ರಾಂತವೂ ತನ್ನ ಕೆಲವರು ವಿದ್ಯಾರ್ಥಿಗಳನ್ನು ಅಲ್ಲಿಗೆ ಕಳುಹಿಸುವುದು. ಅವರು ಮರಳಿ ತಮ್ಮ ಪ್ರಾಂತದಲ್ಲಿ ಒಂಬತ್ತು ವರ್ಷ ಸೇವೆ ಮಾಡಿದರೆ ಶಿಕ್ಷಣದ ಸಾಲವು ತೀರಿದಂತೆ. ವಿಶ್ವ ಆರೋಗ್ಯ ಸಂಸ್ಥೆಯು 2010ರಲ್ಲಿಯೂ ಪುನಃ 2021ರಲ್ಲಿಯೂ ಪ್ರಕಟಿಸಿದ ಸಲಹೆಗಳಲ್ಲಿ, ಹಳ್ಳಿಯಲ್ಲಿ ಹುಟ್ಟಿಬೆಳೆದ ವಿದ್ಯಾರ್ಥಿಗಳಿಗೆ ಪ್ರವೇಶವೀಯುವುದೂ ಹಳ್ಳಿಗಳ ಸಮೀಪದಲ್ಲಿ ಶಿಕ್ಷಣ ಕೊಡುವುದೂ ಮುಖ್ಯವಾದವುಗಳು. ರಾಮನಗರದಲ್ಲಿ ನಾವೇ ಮಾಡಿದುದನ್ನು ಜಗತ್ತು ಇಂದು ನಮಗೆ ತಿರುಗಿ ಹೇಳುತ್ತಿದೆ.

ಆದರೂ ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯಂತೆ, ಊರಿನವಳೇ ಆದವಳನ್ನು ನಾವು ನಡೆಸಿಕೊಳ್ಳುವ ರೀತಿ ಹೇಗಿದೆ? 2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನವು ಸಾವಿರ ಜನಕ್ಕೊಬ್ಬ ಆಶಾ ಕಾರ್ಯಕರ್ತೆಯನ್ನು ಆಯಾ ಹಳ್ಳಿಯಿಂದಲೇ ಆರಿಸಿತು. ನಮ್ಮ ರಾಜ್ಯದಲ್ಲಿ ಅವರು ಸುಮಾರು 42,000 ಮಂದಿ. ಕೊರೋನಾ ಕಾಲದಲ್ಲಿ ಮನೆಮನೆಯ ಬಾಗಿಲಿಗೆ ಹೋದವರು ಅವರೇ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತದ ಆಶಾ ಕಾರ್ಯಕರ್ತೆಯರನ್ನು ಪ್ರಶಸ್ತಿಯಿಂದ ಗೌರವಿಸಿತು. ಆದರೆ ದಾಖಲೆಯಲ್ಲಿ ಅವರು ನೌಕರರಲ್ಲ, ಸ್ವಯಂಸೇವಕಿಯರು. ಅವರಿಗೆ ಸಲ್ಲುವುದು ಸಂಬಳವಲ್ಲ, ಗೌರವಧನ ಮತ್ತು ಕೆಲಸಕ್ಕಿಷ್ಟೆಂಬ ಪ್ರೋತ್ಸಾಹಧನ. 2025ರ ಜನವರಿಯ ಚಳಿಯಲ್ಲಿ ಸಾವಿರಾರು ಮಂದಿ ಸ್ವಾತಂತ್ರ್ಯ ಉದ್ಯಾನದಲ್ಲಿ ಹಗಲಿರುಳು ಕುಳಿತು ತಿಂಗಳಿಗೆ 15,000 ರೂಪಾಯಿಗಳನ್ನು ಕೇಳಿದರು. ಏಪ್ರಿಲಿನಿಂದ 10,000ಕ್ಕೆ ಕಡಿಮೆಯಾಗದಂತೆ ದೊರೆಯುವುದೆಂಬ ಮುಖ್ಯಮಂತ್ರಿಗಳ ಭರವಸೆಯ ಮೇಲೆ ಎದ್ದರು. ಅದೇ ವರ್ಷದ ಆಗಸ್ಟಿನಲ್ಲಿ ಆ ಭರವಸೆಯನ್ನು ಜ್ಞಾಪಿಸುವುದಕ್ಕಾಗಿ ಪುನಃ ಬಂದು ಕುಳಿತರು. ಪ್ರಶಸ್ತಿಯು ಊಟಕ್ಕಿಲ್ಲದ ಉಪ್ಪಿನಕಾಯಿಯಾಗಬಾರದು.

ಇದು ಹಳ್ಳಿಯ ವಿಷಯ ಮಾತ್ರವೆಂದು ನಗರವಾಸಿಗಳು ಸುಮ್ಮನಿರುವಂತಿಲ್ಲ. ಮೂಡಲಪಾಳ್ಯ, ಮಾರೇನಹಳ್ಳಿ, ನಾಗರಭಾವಿ, ನಾಯಂಡಹಳ್ಳಿಗಳು ನಿನ್ನೆಮೊನ್ನೆಯವರೆಗೆ ಹಳ್ಳಿಗಳೇ ಆಗಿದ್ದವು. ಇವುಗಳ ಒಳ ಓಣಿಗಳಲ್ಲಿ ವಾಸಿಸುವ ಗಾರೆಯವರಿಗೂ ಮನೆಗೆಲಸದವರಿಗೂ ದೊಡ್ಡ ಆಸ್ಪತ್ರೆಯ ಬಾಗಿಲು ಹತ್ತಿರವಿದ್ದೂ ದೂರ. ಇಂತಹವರಿಗಾಗಿಯೇ 2022ರಲ್ಲಿ ನಮ್ಮ ಕ್ಲಿನಿಕ್‌ಗಳು ಹುಟ್ಟಿದವು. ಅಲ್ಲಿಯೂ ಡಾಕ್ಟರು ಗುತ್ತಿಗೆಯವರು. ಗುತ್ತಿಗೆಯವರ ಕಣ್ಣು ಯಾವಾಗಲೂ ಮುಂದಿನ ಉದ್ಯೋಗದ ಮೇಲೆ. ನಿಲ್ಲುವ ಪ್ರಶ್ನೆಯು ನಗರದ ಒಳಗೂ ಉಂಟು.

ಇದನ್ನೆಲ್ಲ ನೋಡಿ ಅಧಿಕಾರಿ ಮಹಾಶಯರ ಮುಂದೆ ನಾವು ನಾಲ್ಕು ಮಾತುಗಳನ್ನಿಡುತ್ತೇವೆ. ಮೊದಲನೆಯದು, ದಾದಿಯರ ಮತ್ತು ಆರೋಗ್ಯ ಸಹಾಯಕಿಯರ ಶಿಕ್ಷಣಕ್ಕೆ ಕೊರತೆಯಿರುವ ತಾಲೂಕುಗಳಿಂದಲೇ ವಿದ್ಯಾರ್ಥಿನಿಯರನ್ನು ಆರಿಸಿ, ಆಯಾ ತಾಲೂಕು ಆಸ್ಪತ್ರೆಯಲ್ಲಿಯೇ ಬಹುಭಾಗ ಕಲಿಸಿ, ಅಲ್ಲಿಯೇ ಹುದ್ದೆ ಕೊಡಬೇಕು. ಎರಡನೆಯದು, ಆಶಾ ಕಾರ್ಯಕರ್ತೆಗೆ ಗೊತ್ತಾದ ದಿನದಲ್ಲಿ ಗೊತ್ತಾದ ವೇತನವು ಸಲ್ಲಬೇಕು. ಓದಲು ಶಕ್ತಳಾದವಳಿಗೆ ದಾದಿಯ ಹುದ್ದೆಯವರೆಗೆ ಏರುವ ಮೆಟ್ಟಿಲು ಇರಬೇಕು. ಮೂರನೆಯದು, ಆರೋಗ್ಯ ಕೇಂದ್ರದ ಕಟ್ಟಡಕ್ಕೆ ಮೊದಲೇ ಅಲ್ಲಿನ ಡಾಕ್ಟರಿಗೂ ದಾದಿಗೂ ವಾಸದ ಮನೆಯನ್ನು ಕಟ್ಟಬೇಕು. ಒಬ್ಬನನ್ನೇ ಒಂದೆಡೆ ನೂಕದೆ ಇಬ್ಬರನ್ನು ಜೊತೆಯಾಗಿ ನೇಮಿಸಬೇಕು. ನಾಲ್ಕನೆಯದು, ದೂರದ ಸ್ಥಳದಲ್ಲಿ ಮೂರು ನಾಲ್ಕು ವರ್ಷ ನಿಂತವನಿಗೆ ಮುಂದಿನ ವ್ಯಾಸಂಗದಲ್ಲಿಯೂ ವರ್ಗದಲ್ಲಿಯೂ ಆದ್ಯತೆಯು ನಿಶ್ಚಿತವಾಗಿರಬೇಕು. ವರ್ಗಾವಣೆಯನ್ನು ಕ್ರಮಪಡಿಸಲು 2011ರಲ್ಲಿಯೇ ಅಧಿನಿಯಮವಾಗಿದೆ. ಶಿಫಾರಸಿನ ಚೀಟಿಗೆ ಅದು ಬಾಗದಿದ್ದರೆ ಸಾಕು.

ಊರಿನ ದಾದಿಯನ್ನು ಮುಂದೆ ಮಾಡಿದರೆ ಹಳ್ಳಿಗೆ ಅರೆ ವೈದ್ಯ, ಪಟ್ಟಣಕ್ಕೆ ಪೂರ್ಣ ವೈದ್ಯ ಎಂಬ ಭೇದವಾಗದೇ ಎಂದು ಕೆಲವರು ಕೇಳುವರು. ಆಕ್ಷೇಪವು ತಳ್ಳಿಹಾಕುವಂತಹುದಲ್ಲ. ಆದುದರಿಂದಲೇ ದಾದಿಯ ಕೆಲಸದ ಎಲ್ಲೆಯು ಸ್ಪಷ್ಟವಾಗಿರಬೇಕು, ಅವಳ ಹಿಂದೆ ಡಾಕ್ಟರೂ ಗಾಡಿಯೂ ಸದಾ ಸಿದ್ಧವಾಗಿರಬೇಕು. ಆದರೆ ಬಾರದಿರುವ ಪೂರ್ಣ ವೈದ್ಯನಿಗಾಗಿ ಕಾಯುತ್ತ ಇರುವ ದಾದಿಯನ್ನೂ ಕಳೆದುಕೊಂಡರೆ ಹಳ್ಳಿಗೆ ಉಳಿಯುವುದೇನು? ಹಣವೆಲ್ಲಿ ಎಂಬ ಮಾತಿಗೂ ಉತ್ತರವುಂಟು: ವರ್ಷಕ್ಕೊಮ್ಮೆ ಹೊಸಬರನ್ನು ಹುಡುಕಿ ಕಲಿಸಿ ಕಳೆದುಕೊಳ್ಳುವುದಕ್ಕಿಂತ ಇದ್ದವರನ್ನು ಮರ್ಯಾದೆಯಿಂದ ಇಟ್ಟುಕೊಳ್ಳುವುದು ಮಿತವ್ಯಯ.

ನಗರದ ವಿದ್ಯಾವಂತರು ಆಶಾ ಕಾರ್ಯಕರ್ತೆಯರ ಮೆರವಣಿಗೆಯಿಂದ ತಮ್ಮ ಗಾಡಿ ತಡವಾಯಿತೆಂದು ಗೊಣಗುವ ಮೊದಲು, ಆ ಹೆಂಗಸು ತನ್ನ ಊರಿನಲ್ಲಿ ಇಲ್ಲದ ದಿನ ಅಲ್ಲಿಯ ಗರ್ಭಿಣಿಯ ಗತಿಯೇನೆಂದು ಒಂದು ಕ್ಷಣ ಯೋಚಿಸಲಿ. ಅಧಿಕಾರಿಗಳು ಮುಂದಿನ ಆಯವ್ಯಯವನ್ನು ಬರೆಯುವಾಗ ಆರೋಗ್ಯ ಸೌಧದಿಂದ ಮಾಗಡಿಯವರೆಗೆ ಒಮ್ಮೆ ಹೋಗಿ, ಉಪಕೇಂದ್ರದ ದಾದಿಯನ್ನು ಎಷ್ಟು ವರ್ಷವಾಯಿತಮ್ಮ ಎಂದು ವಿಚಾರಿಸಿ ಬರಲಿ. ಅವಳ ಉತ್ತರದಲ್ಲಿ ನಮ್ಮ ಗ್ರಾಮಾರೋಗ್ಯದ ನಿಜವಾದ ಲೆಕ್ಕವು ಸಿಕ್ಕುವುದು.