ಉಪಪ್ರಶ್ನೆಯ ಭಾಷೆ

ಪೀಣ್ಯದ ಕೈಗಾರಿಕಾ ವಸಾಹತಿಗೆ ಹತ್ತಿಕೊಂಡಂತಿರುವ ಒಂದು ಕಾಲೇಜಿನಲ್ಲಿ ಕೆಲವು ತಿಂಗಳ ಹಿಂದೆ ಅಣಕು ಸಂಸತ್ತು ಏರ್ಪಟ್ಟಿತ್ತು. ಸಭಾಧ್ಯಕ್ಷನ ಪೀಠದಲ್ಲಿ ನನ್ನನ್ನು ಕೂರಿಸಿದರು. ಪೀಠವೆಂದರೆ ರಸಾಯನ ಶಾಸ್ತ್ರದ ಪ್ರಯೋಗಶಾಲೆಯಿಂದ ಹೊತ್ತು ತಂದ ಎತ್ತರದ ಕುರ್ಚಿ. ಅಧಿಕಾರದ ಗುರುತಾಗಿ ಜವಾನನಿಂದ ಎರವಲು ಪಡೆದ ಹಿತ್ತಾಳೆಯ ಗಂಟೆ. ಬಲಗಡೆ ಆಡಳಿತ ಪಕ್ಷ, ಎಡಗಡೆ ವಿರೋಧ ಪಕ್ಷ. ಮಂತ್ರಿಗಳಾದ ಹುಡುಗರು ಮನೆಯಿಂದ ಬಿಳಿಯ ಅಂಗಿಗಳನ್ನು ಇಸ್ತ್ರಿ ಮಾಡಿಸಿಕೊಂಡು ಬಂದಿದ್ದರು. ವಿರೋಧ ಪಕ್ಷಕ್ಕೆ ಅಂತಹ ಸಿಂಗಾರವೇನೂ ಇರಲಿಲ್ಲ. ಆ ಪಕ್ಷಕ್ಕೆ ಅದು ಸಹಜವೇ.

ಪ್ರಶ್ನೋತ್ತರದ ವೇಳೆ ಆರಂಭವಾಯಿತು. ವಿರೋಧ ಪಕ್ಷದ ನಾಯಕಿಯಾಗಿದ್ದ ಹುಡುಗಿ ಎದ್ದು, ಕಾಗದದಲ್ಲಿ ಇಂಗ್ಲಿಷಿನಲ್ಲಿ ಬರೆದು ತಂದಿದ್ದ ಪ್ರಶ್ನೆಯನ್ನು ಓದಿದಳು. ಅಂತರ್ಜಲದ ವಿಷಯ. ಮಂತ್ರಿಯೂ ಇಂಗ್ಲಿಷಿನಲ್ಲಿಯೇ ಸಿದ್ಧ ಉತ್ತರವನ್ನು ಓದಿ ಕುಳಿತನು. ಇನ್ನು ಉಪಪ್ರಶ್ನೆ ಕೇಳಬೇಕು. ಆಕೆ ಬಾಯಿ ತೆರೆದಳು, ಎರಡು ಪದಗಳು ಬಂದವು, ಮೂರನೆಯದು ಬರಲಿಲ್ಲ. ಎದುರು ಬೆಂಚಿನಿಂದ ಸಣ್ಣ ನಗು ಕೇಳಿಸಿತು. ಅವಳು ನನ್ನ ಕಡೆ ತಿರುಗಿ, "ಸರ್, ಕನ್ನಡದಲ್ಲಿ ಕೇಳಬಹುದೆ?" ಎಂದಳು. ಸ್ಪರ್ಧೆಯ ನಿಯಮಾವಳಿ ನನ್ನ ಮುಂದೆಯೇ ಇತ್ತು. ಸಂಸತ್ತಿನಲ್ಲಿರುವಂತೆ ಕಲಾಪವು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ನಡೆಯತಕ್ಕದ್ದು ಎಂದು ಅದರಲ್ಲಿ ಅಚ್ಚಾಗಿತ್ತು.

ಉಪಪ್ರಶ್ನೆಯ ಮರ್ಮವನ್ನು ಇಲ್ಲಿ ಎರಡು ಮಾತಿನಲ್ಲಿ ತಿಳಿಸಬೇಕಾಗಿದೆ. ಲೋಕಸಭೆಯಲ್ಲಿ ಚುಕ್ಕೆ ಗುರುತಿನ ಪ್ರಶ್ನೆಗಳು, ಚುಕ್ಕೆ ಗುರುತಿಲ್ಲದ ಪ್ರಶ್ನೆಗಳು ಎಂದು ಎರಡು ಜಾತಿ. ಎರಡನೆಯದಕ್ಕೆ ಉತ್ತರವು ಲಿಖಿತ ರೂಪದಲ್ಲಿ ಬರುತ್ತದೆ, ಅಲ್ಲಿಗೆ ಮುಗಿಯಿತು. ಮೊದಲನೆಯವು ದಿನಕ್ಕೆ ಇಪ್ಪತ್ತು ಮಾತ್ರ. ಇವುಗಳಿಗೆ ಮಂತ್ರಿ ಎದ್ದು ನಿಂತು ಬಾಯಿಮಾತಿನಲ್ಲಿ ಉತ್ತರಿಸಬೇಕು. ಆದರೆ ಈ ಪ್ರಶ್ನೆಯ ಸೂಚನೆಯೂ ದಿನಗಳ ಮೊದಲೇ ಮಂತ್ರಾಲಯದ ಮೇಜಿಗೆ ಹೋಗಿರುತ್ತದೆ. ಅಧಿಕಾರಿಗಳು ಕೂತು, ಅಡ್ಡಗೋಡೆಯ ಮೇಲೆ ದೀಪವಿಟ್ಟಂತಹ ಒಂದು ಉತ್ತರವನ್ನು ಹದಗೊಳಿಸಿ ಮಂತ್ರಿಯ ಕೈಗಿತ್ತಿರುತ್ತಾರೆ. ಅದರಲ್ಲಿ ಸುಳ್ಳಿರುವುದಿಲ್ಲ; ಬೇಕಾದದ್ದೂ ಇರುವುದಿಲ್ಲ. ವಿರೋಧ ಪಕ್ಷದ ಸದಸ್ಯನ ನಿಜವಾದ ಕೆಲಸ ಮೊದಲಾಗುವುದು ಆ ಉತ್ತರ ಮುಗಿದ ಮೇಲೆ. ಎಲ್ಲಿ ಸಂದು ಬಿಟ್ಟಿದೆಯೆಂದು ಕಿವಿಗೊಟ್ಟು ಗುರುತಿಸಿ, ಆ ಕ್ಷಣದಲ್ಲಿಯೇ ಅಲ್ಲಿಗೆ ಬೆರಳಿಡಬೇಕು. ಬರೆದ ಪ್ರಶ್ನೆಯನ್ನು ಯಾರಿಂದ ಬೇಕಾದರೂ ಭಾಷಾಂತರ ಮಾಡಿಸಬಹುದು. ಉಪಪ್ರಶ್ನೆಗೆ ಆ ಅವಕಾಶವಿಲ್ಲ. ಅದು ನಾಲಗೆಯ ತುದಿಯಲ್ಲಿ ಹುಟ್ಟಬೇಕು. ನಾಲಗೆಗೆ ತುರ್ತಿನಲ್ಲಿ ಒದಗುವುದು ತಾಯಿಯಿಂದ ಕಲಿತ ಮಾತೇ. ಪರಭಾಷೆಯಲ್ಲಿ ಪಂಡಿತರಾದವರೂ ಜಗಳಕ್ಕೆ ನಿಂತಾಗ ಮನೆಮಾತಿಗೆ ಇಳಿಯುವುದನ್ನು ನಾವೆಲ್ಲ ಕಂಡಿದ್ದೇವೆ.

ಅಪ್ಪಣೆ ಕೊಡುವುದೋ ಬಿಡುವುದೋ ಎಂಬ ಆ ಅರ್ಧ ನಿಮಿಷದಲ್ಲಿ ನನಗೆ ನೆನಪಾದವರು ಜೆ. ಎಚ್. ಪಟೇಲರು.

೧೯೬೭ರ ಚುನಾವಣೆಯಲ್ಲಿ ಲೋಕಸಭೆಯ ಬಣ್ಣ ಬದಲಾಗಿತ್ತು. ೫೨೦ ಸ್ಥಾನಗಳಲ್ಲಿ ಕಾಂಗ್ರೆಸಿಗೆ ದಕ್ಕಿದ್ದು ೨೮೩. ಸ್ವಾತಂತ್ರ್ಯಾನಂತರ ವಿರೋಧ ಪಕ್ಷಗಳ ಬೆಂಚುಗಳು ಅಷ್ಟು ತುಂಬಿದ್ದು ಅದೇ ಮೊದಲು. ಆ ಬೆಂಚುಗಳಲ್ಲೊಂದರ ಮೇಲೆ, ಶಿವಮೊಗ್ಗ ಕ್ಷೇತ್ರದಿಂದ ಸಂಯುಕ್ತ ಸೋಷಲಿಸ್ಟ್ ಪಕ್ಷದ ಪರವಾಗಿ ಆಯ್ಕೆಯಾಗಿ ಬಂದ, ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನ ಮೂವತ್ತಾರು ವರ್ಷದ ಜಯದೇವಪ್ಪ ಹಾಲಪ್ಪ ಪಟೇಲರು ಕುಳಿತಿದ್ದರು. ಅವರು ಎದ್ದು ಕನ್ನಡದಲ್ಲಿ ಮಾತನಾಡತೊಡಗಿದರು. ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತನಾಡಿದ ಮೊದಲಿಗರೆಂಬ ಹೆಸರು ಅವರಿಗೆ ನಿಂತದ್ದು ಹೀಗೆ. ಸಭಾಧ್ಯಕ್ಷರಾಗಿದ್ದ ನೀಲಂ ಸಂಜೀವ ರೆಡ್ಡಿಯವರು ಅವರಿಗೆ ಅನುಮತಿ ನೀಡಿದರು. ರೆಡ್ಡಿಯವರು ಅನಂತಪುರ ಜಿಲ್ಲೆಯವರು. ಬಳ್ಳಾರಿಗೆ ಬೆನ್ನು ತಗಲಿಸಿ ಕುಳಿತಿರುವ ಆ ಸೀಮೆಯವರ ಕಿವಿಗೆ ಕನ್ನಡ ಅನ್ಯವಲ್ಲ. ಪೀಠವೇರಿದೊಡನೆ ತಮ್ಮ ಪಕ್ಷದ ಸದಸ್ಯತ್ವಕ್ಕೇ ರಾಜೀನಾಮೆ ಕೊಟ್ಟಿದ್ದ ಸಭಾಧ್ಯಕ್ಷರು ಅವರು. ವಿರೋಧ ಪಕ್ಷದ ಒಬ್ಬ ಹೊಸ ಸದಸ್ಯನ ಮಾತಿಗೆ ದಾರಿ ಬಿಡಲು ಅಂತಹವರಿಗೆ ಹೆಚ್ಚು ಕಷ್ಟವಾಗಿರಲಾರದು.

ಸಂವಿಧಾನದ ೧೨೦ನೆಯ ಅನುಚ್ಛೇದವನ್ನು ಓದಿದವರಿಗೆ ಇಲ್ಲಿ ಒಂದು ಸ್ವಾರಸ್ಯ ಕಾಣುತ್ತದೆ. ಸಂಸತ್ತಿನ ವ್ಯವಹಾರವು ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ ನಡೆಯಬೇಕು. ಈ ಎರಡರಲ್ಲಿಯೂ ತನ್ನ ಅಭಿಪ್ರಾಯವನ್ನು ಸಮರ್ಪಕವಾಗಿ ಹೇಳಲಾರದ ಸದಸ್ಯನಿಗೆ ಸಭಾಧ್ಯಕ್ಷರು ಮಾತೃಭಾಷೆಯಲ್ಲಿ ಮಾತನಾಡಲು ಅನುಮತಿ ಕೊಡಬಹುದು. ಎಂದರೆ ತಾಯ್ನುಡಿಯು ಅಲ್ಲಿ ಹಕ್ಕಾಗಿ ಬರುವುದಿಲ್ಲ, ಅಸಹಾಯಕನಿಗೆ ತೋರುವ ದಯೆಯಾಗಿ ಬರುತ್ತದೆ. ಪಟೇಲರು ಅಸಹಾಯಕರೇ? ಕಾನೂನು ಓದಿದವರು, ಇಂಗ್ಲಿಷ್ ಪುಸ್ತಕಗಳನ್ನು ರುಚಿಯಿಂದ ಓದುತ್ತಿದ್ದವರು, ಚುರುಕು ನಾಲಗೆಗೆ ಹೆಸರಾದವರು. ಬಾರದೆ ಅಲ್ಲ, ಬೇಡವೆಂದು ಇಂಗ್ಲಿಷನ್ನು ಬಿಟ್ಟವರು ಅವರು. ಅಕ್ಷರವನ್ನೇ ಹಿಡಿದು ಹೊರಟಿದ್ದರೆ ಸಭಾಧ್ಯಕ್ಷರು ಅನುಮತಿಯನ್ನು ನಿರಾಕರಿಸಬಹುದಿತ್ತು. ಹಾಗೆ ಮಾಡಲಿಲ್ಲ. ನನ್ನ ಮಟ್ಟಿಗೆ ಪಟೇಲರ ಧೈರ್ಯದಷ್ಟೇ ರೆಡ್ಡಿಯವರ ಆ ಔದಾರ್ಯವೂ ನೆನೆಯತಕ್ಕದ್ದು.

ಇದು ಪಟೇಲರೊಬ್ಬರ ಛಲವಾಗಿರಲಿಲ್ಲ. ಅವರ ಪಕ್ಷದ ಹಿರಿಯರಾದ ರಾಮಮನೋಹರ ಲೋಹಿಯಾರು ಬರ್ಲಿನ್ನಿನಲ್ಲಿ ಓದಿ ಡಾಕ್ಟರೇಟ್ ಪಡೆದವರು. ಆದರೂ ೧೯೬೩ರಲ್ಲಿ ಲೋಕಸಭೆಯಲ್ಲಿ ನೆಹರೂ ಸರ್ಕಾರವನ್ನು ಎದುರಿಸಿದ್ದು ಹಿಂದಿಯಲ್ಲಿ. ದೇಶದ ೨೭ ಕೋಟಿ ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿದ್ದಾರೆಂದು ಅವರು ಹೇಳಿದರೆ, ಹದಿನೈದಾಣೆಯೆಂದು ಸರ್ಕಾರ ಹೇಳಿತು. ಆ 'ಮೂರಾಣೆ'ಯ ವಾದ ಸಂತೆಯ ಮಾತಿನವರೆಗೆ ಇಳಿದು ಬಂದಿತು. ಸರಾಸರಿ ತಲಾ ವರಮಾನವೆಂದು ಇಂಗ್ಲಿಷಿನಲ್ಲಿ ಕೇಳಿದ್ದರೆ ಅದು ಗ್ರಂಥಾಲಯದ ಬಾಗಿಲನ್ನು ದಾಟುತ್ತಿತ್ತೋ ಇಲ್ಲವೋ. ಲೋಹಿಯಾರು ಮಲೆನಾಡಿಗೂ ಅಪರಿಚಿತರಲ್ಲ. ೧೯೫೧ರ ಕಾಗೋಡು ಸತ್ಯಾಗ್ರಹಕ್ಕೆ ಬಂದು ಬಂಧನಕ್ಕೊಳಗಾಗಿದ್ದರು. ಆ ಗೇಣಿದಾರರ ಹೋರಾಟದಿಂದ ಎದ್ದು ಬಂದ ಶಾಂತವೇರಿ ಗೋಪಾಲಗೌಡರು ೧೯೫೨ರಿಂದ ಮೈಸೂರು ವಿಧಾನಸಭೆಯಲ್ಲಿ ಸರ್ಕಾರವನ್ನು ಕನ್ನಡದಲ್ಲಿ ನಿಲ್ಲಿಸಿ ಕೇಳಿದವರು. ಬೆಂಗಳೂರಿನಲ್ಲಿ ಗೋಪಾಲಗೌಡರು ಬೆಳೆಸಿದ ಆ ರೂಢಿಯನ್ನೇ ಪಟೇಲರು ದೆಹಲಿಗೆ ಕೊಂಡೊಯ್ದರು ಎನ್ನಬಹುದು.

ಮುಂದೆ ಲೋಕಸಭೆಯಲ್ಲಿ ಕನ್ನಡವೂ ಸೇರಿ ಹಲವು ಭಾಷೆಗಳಿಗೆ ತತ್‌ಕ್ಷಣದ ಭಾಷಾಂತರದ ವ್ಯವಸ್ಥೆಯಾಯಿತು. ೨೦೨೫ರ ಫೆಬ್ರವರಿಯಲ್ಲಿ ಇನ್ನೂ ಆರು ಭಾಷೆಗಳು ಅದಕ್ಕೆ ಸೇರಿದವು. ಆದರೆ ಪ್ರಾದೇಶಿಕ ಭಾಷೆಯಲ್ಲಿ ಮಾತನಾಡುವವರು ಮುಂಚಿತವಾಗಿ ತಿಳಿಸಬೇಕೆಂಬ ಏರ್ಪಾಡು ಬಹುಕಾಲ ಇತ್ತು. ಸಿಟ್ಟು ಬರುವುದನ್ನು ಮೊದಲೇ ಬರೆದು ತಿಳಿಸುವುದು ಎಂತು? ೨೦೨೨ರ ಮೇ ತಿಂಗಳಲ್ಲಿ ಸಿರಾ ತಾಲ್ಲೂಕಿನ ಮೂಲದ ಚಂದ್ರ ಆರ್ಯರು ಕೆನಡಾದ ಸಂಸತ್ತಿನಲ್ಲಿ ಕನ್ನಡದಲ್ಲಿ ಮಾತನಾಡಿದಾಗ ನಾವೆಲ್ಲ ಹಿಗ್ಗಿದೆವು. ಹಿಗ್ಗತಕ್ಕದ್ದೇ. ಆದರೆ ಅದು ಅಭಿಮಾನದ ಮಾತು. ಯಾವ ಮಂತ್ರಿಯೂ ಅದಕ್ಕೆ ಉತ್ತರ ಹೇಳಬೇಕಾಗಿರಲಿಲ್ಲ.

ಪಟೇಲರ ಕಥೆಗೆ ಇನ್ನೊಂದು ತಿರುವಿದೆ. ತುರ್ತು ಪರಿಸ್ಥಿತಿಯಲ್ಲಿ ಸೆರೆಮನೆಯನ್ನು ಕಂಡ ಅವರು ೧೯೯೬ರ ಮೇ ೩೧ರಂದು ಕರ್ನಾಟಕದ ಮುಖ್ಯಮಂತ್ರಿಯಾದರು. ೧೯೯೯ರವರೆಗೆ, ಪ್ರಶ್ನೆಗಳು ಬಂದು ಬೀಳುವ ಬೆಂಚಿನ ಮೇಲೆ ಕುಳಿತರು. ರಾಜ್ಯದ ಮೊದಲ ಮಾಹಿತಿ ತಂತ್ರಜ್ಞಾನ ನೀತಿ ಹೊರಬಿದ್ದದ್ದು ೧೯೯೭ರಲ್ಲಿ, ಅವರ ಸರ್ಕಾರದಿಂದ. ವೈಟ್‌ಫೀಲ್ಡಿನ ಟೆಕ್ ಪಾರ್ಕಿನ ಗಾಜಿನ ಗೋಪುರಗಳು ಬಾಗಿಲು ತೆರೆದದ್ದೂ ಅದೇ ವರ್ಷಗಳಲ್ಲಿ. ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ೩೩೨ ಎಕರೆಯಲ್ಲಿ ಕಿಯೋನಿಕ್ಸ್ ಸಂಸ್ಥೆ ೧೯೭೮ರಲ್ಲಿ ಆರಂಭಿಸಿದ್ದ ಎಲೆಕ್ಟ್ರಾನಿಕ್ಸ್ ಸಿಟಿ ಮೈ ತುಂಬಿಕೊಂಡದ್ದೂ ಹೆಚ್ಚುಕಡಿಮೆ ಆಗಲೇ. ದೆಹಲಿಯಲ್ಲಿ ಕನ್ನಡಕ್ಕೆ ಬಾಯಿ ಕೊಟ್ಟವರ ಆಳ್ವಿಕೆಯಲ್ಲಿ ಬೆಳೆದ ಈ ವಲಯದಲ್ಲಿಯೇ ಇಂದು, ಕಾವಲುಗಾರನನ್ನು ದಾರಿ ಕೇಳುವುದಕ್ಕೂ ಯಾವ ಭಾಷೆಯೆಂದು ಕನ್ನಡಿಗ ಒಂದು ಗಳಿಗೆ ತಡವರಿಸುತ್ತಾನೆ. ಇದನ್ನು ಪಟೇಲರ ಮೇಲಿನ ದೂರೆಂದು ಯಾರೂ ತಿಳಿಯಬಾರದು. ಊರು ಬೆಳೆಸಿದವರು ಅದರ ಮಾತನ್ನೆಲ್ಲ ಮೊದಲೇ ನಿರ್ಧರಿಸಲಾರರು. ಆದರೂ ಪೀಣ್ಯದ ಆ ಕೊಠಡಿಯಲ್ಲಿ ಹುಡುಗಿ ತಡವರಿಸಿದಾಗ ಇವೆರಡೂ ನನಗೆ ಒಟ್ಟಿಗೇ ನೆನಪಾದವು.

ಅಪ್ಪಣೆ ಕೊಟ್ಟೆ. ನಿಯಮಾವಳಿಯನ್ನು ತೋರಿಸಿ ಆಕ್ಷೇಪಿಸಲು ಒಬ್ಬ ಉಪನ್ಯಾಸಕರು ಎದ್ದರು. ೧೨೦ನೆಯ ಅನುಚ್ಛೇದವನ್ನು ಹೇಳಿ ಅವರನ್ನು ಕೂರಿಸಿದೆ. ಪೀಠದ ಸುಖ ಆಗ ತಿಳಿಯಿತು.

ಹುಡುಗಿ ಕಾಗದವನ್ನು ಮಡಿಸಿ ಕೆಳಗಿಟ್ಟಳು. "ಮಾನ್ಯ ಮಂತ್ರಿಗಳು ಅಂತರ್ಜಲದ ಗುಣಮಟ್ಟವನ್ನು ಕಾಲಕಾಲಕ್ಕೆ ಪರಿಶೀಲಿಸುತ್ತೇವೆಂದರು. ನಮ್ಮ ಬೀದಿಯ ಕೊಳವೆಬಾವಿಯ ನೀರು ಹಳದಿ ಬರುತ್ತದೆ. ಕೊನೆಯ ಸಲ ಅದನ್ನು ಪರಿಶೀಲಿಸಿದ್ದು ಯಾವತ್ತು? ಪರಿಶೀಲಿಸಿದವರು ಅದನ್ನು ಕುಡಿದರೇ?" ಎಂದಳು. ಲೋಹಕ್ಕೆ ಹೊಳಪು ಕೊಡುವ ಕಾರ್ಖಾನೆಗಳ ಕ್ರೋಮಿಯಂ ಪೀಣ್ಯದ ಅಂತರ್ಜಲದಲ್ಲಿ ಬೆರೆತಿರುವುದನ್ನು ಪರೀಕ್ಷೆಗಳು ತೋರಿಸಿವೆ. ಅದು ಆ ಕೊಠಡಿಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಎದುರು ಬೆಂಚಿನಲ್ಲಿ ಈಗ ನಗುವಿರಲಿಲ್ಲ.

ಇಸ್ತ್ರಿಯಂಗಿಯ ಮಂತ್ರಿ ಎದ್ದು ನಿಂತನು. ಅವನೂ ಅದೇ ಬಡಾವಣೆಯವನೆಂದು ಆಮೇಲೆ ತಿಳಿಯಿತು. ಕೈಯಲ್ಲಿದ್ದ ಹಾಳೆಗಳನ್ನು ತಿರುವಿ ಹಾಕಿದನು. ಕೊನೆಗೆ ಅವನೂ ಕನ್ನಡಕ್ಕೆ ಬಂದು, "ಮಾಹಿತಿಯನ್ನು ಸಂಗ್ರಹಿಸಿ ಸದನದ ಮುಂದಿಡಲಾಗುವುದು" ಎಂದನು. ಪಾರಾಗುವ ಮಾತೆಂದು ಅವನು ತಿಳಿದಿದ್ದಿರಬೇಕು. ನಿಜವಾದ ಲೋಕಸಭೆಯಲ್ಲಿ ಆ ಒಂದು ವಾಕ್ಯಕ್ಕೆ ಭರವಸೆಯ ತೂಕವಿದೆ. ಮಂತ್ರಿಗಳು ಕೊಟ್ಟ ಭರವಸೆಗಳು ಈಡೇರಿದವೋ ಇಲ್ಲವೋ ಎಂದು ನೋಡಲೆಂದೇ ೧೯೫೩ರಿಂದ ಅಲ್ಲೊಂದು ಸಮಿತಿಯಿದೆ. ಅದನ್ನು ಅವನಿಗೆ ತಿಳಿಸೋಣವೆಂದು ಗಂಟೆಗೆ ಕೈಯಿಕ್ಕುವಷ್ಟರಲ್ಲಿ ಹುಡುಗಿ ಮತ್ತೆ ಎದ್ದಿದ್ದಳು.

"ಎಷ್ಟು ದಿನದಲ್ಲಿ?"