ಕ್ಯಾಮೆರಾ ಒಣಗಲು ಬಯಲುಸೀಮೆಯ ಗಾಳಿ ಸಾಕು

ಚಿತ್ರದುರ್ಗ ಜಿಲ್ಲೆಯ ವಾಡಿಕೆ ಮಳೆ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು. ಹಾಗಾಗಿ ಕ್ಯಾಮೆರಾಕ್ಕೆ ತೇವದ ಕಾಟವೆಂದರೆ ಅದು ಕರಾವಳಿ, ಮಲೆನಾಡಿನವರ ತಲೆನೋವು ಎಂಬ ಭಾವನೆ ಇಲ್ಲಿ ಸಹಜ. ಆದರೆ 2022ರ ಸೆಪ್ಟೆಂಬರ್‌ನಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ 1933ರ ಬಳಿಕ ಮೊದಲ ಸಲ ಕೋಡಿ ಬಿದ್ದಿತು. ಅಂಥ ನೋಟವನ್ನು ಹತ್ತಿರದಿಂದ ಸೆರೆಹಿಡಿಯುವವರ ಕ್ಯಾಮೆರಾಕ್ಕೆ ತುಂತುರು ತಾಗದೆ ಇರದು. ಜೋಗಿಮಟ್ಟಿ ಬೆಟ್ಟದ ಮುಂಗಾರಿನ ಮಂಜಿನಲ್ಲಿ ತಣ್ಣಗಾದ ಲೆನ್ಸನ್ನು ಬೆಚ್ಚನೆಯ ತೇವದ ಗಾಳಿಗೆ ತಂದರೆ ಗಾಜಿನ ಮೇಲೆ ಹನಿ ಕಟ್ಟುತ್ತದೆ. ಆಗ ಹೆಚ್ಚಿನವರು ಮಾಡುವ ಮೊದಲ ಕೆಲಸ ಬಿಸಿಲಿಗಿಡುವುದು. ಈ ಸೀಮೆಯಲ್ಲಿ ಅದು ಅನಗತ್ಯ, ಅಪಾಯಕಾರಿ ಕೂಡ.

ನೀರು ಆವಿಯಾಗುವ ವೇಗವನ್ನು ಬಿಸಿಯೊಂದೇ ನಿರ್ಧರಿಸುವುದಿಲ್ಲ. ಸುತ್ತಲಿನ ಗಾಳಿಗೆ ಇನ್ನೆಷ್ಟು ತೇವ ಹೀರುವ ಶಕ್ತಿ ಉಳಿದಿದೆ ಎಂಬುದೂ ಅಷ್ಟೇ ಮುಖ್ಯ. ಮಳೆ ಬಿಡುವು ಕೊಟ್ಟ ಮಧ್ಯಾಹ್ನ ಇಲ್ಲಿನ ನೆರಳಿನ ಗಾಳಿಯೇ ಸಾಕಷ್ಟು ಒಣಗಿರುತ್ತದೆ. ಕ್ಯಾಮೆರಾ ಆಫ್ ಮಾಡಿ ಬ್ಯಾಟರಿ, ಕಾರ್ಡ್ ತೆಗೆಯಿರಿ. ಹೊರಮೈಯನ್ನು ಮೆತ್ತನೆ ಬಟ್ಟೆಯಿಂದ ಒತ್ತಿ ಒರೆಸಿ, ಧೂಳು ಬೀಳದ ನೆರಳಿನಲ್ಲಿ ಫ್ಯಾನಿನ ನಿಧಾನ ಗಾಳಿಗೆ ಒಂದೆರಡು ದಿನ ಬಿಡಿ. ಬಿಸಿಲು ಬೇಗ ಒಣಗಿಸುತ್ತದಲ್ಲ ಎನ್ನಬಹುದು. ಒಣಗಿಸುತ್ತದೆ, ನಿಜ, ಆದರೆ ಅತಿ ಬಿಸಿಗೆ ಲೆನ್ಸಿನೊಳಗಿನ ಗ್ರೀಸ್ ತೆಳುವಾಗಿ ಡಯಾಫ್ರಮ್ ಎಲೆಗಳ ಮೇಲೆ ಹರಡಬಹುದು, ಅಂಟು ಸಡಿಲವಾಗಬಹುದು. ಲೆನ್ಸ್ ಸೂರ್ಯನಿಗೆ ಮುಖಮಾಡಿದರೆ ಬೆಳಕು ಒಂದೆಡೆ ಕೂಡಿ ಒಳಭಾಗವನ್ನು ಸುಡಲೂಬಹುದು. ಹೇರ್ ಡ್ರೈಯರ್‌ನ ರಭಸವಂತೂ ಹನಿಗಳನ್ನು ಸಂದುಗಳೊಳಕ್ಕೆ ನೂಕುತ್ತದೆ.

ಅಕ್ಕಿಯಲ್ಲಿ ಹುದುಗಿಸಿಡುವ ಉಪಾಯಕ್ಕೂ ಗಟ್ಟಿ ಆಧಾರವಿಲ್ಲ. ಸಿಲಿಕಾ ಜೆಲ್‌ಗೆ ಹೋಲಿಸಿದರೆ ಅಕ್ಕಿ ತೇವ ಹೀರುವುದು ಕಡಿಮೆ. ಅದರ ಹಿಟ್ಟಿನಂಥ ಧೂಳು ಗುಂಡಿಗಳ ಸಂದಿಗೆ ಸೇರುವುದು ಮಾತ್ರ ಖಚಿತ. ಗಾಳಿಯೇ ಒಣಗಿರುವಾಗ ಸಿಲಿಕಾ ಜೆಲ್ ಏಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಬ್ಯಾಗಿನಲ್ಲಿದೆ: ನೆಂದ ಬ್ಯಾಗಿನ ಒಳಗಿನ ಗಾಳಿಗೂ ಹೊರಗಿನ ಹವೆಗೂ ಸಂಬಂಧವಿಲ್ಲ. ಆರ್ದ್ರತೆ ಶೇ 70ರ ಆಚೆ ಹಲವು ದಿನ ನಿಂತರೆ ಲೆನ್ಸಿಗೆ ಬೂಸ್ಟು ಹಿಡಿಯಬಹುದು. ಹೊಳಲ್ಕೆರೆ, ಹೊಸದುರ್ಗದ ಅಡಿಕೆ ತೋಟಗಳ ನಡುವಿನ ಮನೆಗಳಲ್ಲಿ, ನೀರು ಹಾಯಿಸುವ ನೆಲದ ತಂಪಿನಲ್ಲಿ, ಈ ಎಚ್ಚರ ಇನ್ನೂ ಹೆಚ್ಚು ಬೇಕು. ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್, ಪುಟ್ಟ ಆರ್ದ್ರತಾ ಮಾಪಕ ಇಷ್ಟಿದ್ದರೆ ಸಾಕು. ಮುಳ್ಳು ಶೇ 40ರಿಂದ 50ರ ನಡುವೆ ಇರಲಿ. ಬಣ್ಣ ಬದಲಿಸಿದ ಜೆಲ್ ಅನ್ನು ಓವನ್‌ನಲ್ಲಿ ಸುಮಾರು 120 ಡಿಗ್ರಿಯಲ್ಲಿ ಕಾಯಿಸಿದರೆ ಮತ್ತೆ ಬಳಕೆಗೆ ಬರುತ್ತದೆ. ನೀಲಿ ಹರಳುಗಳಲ್ಲಿ ವಿಷಕಾರಿ ಕೋಬಾಲ್ಟ್ ಕ್ಲೋರೈಡ್ ಇರುವುದರಿಂದ ಅಡುಗೆಯ ಓವನ್‌ಗೆ ಅವನ್ನು ಇಡಬಾರದು. ಕಿತ್ತಳೆ ಬಣ್ಣದವು ಲೇಸು.

ಈ ವಾದಕ್ಕೂ ಮಿತಿಯಿದೆ. ಕ್ಯಾಮೆರಾ ಇಡಿಯಾಗಿ ನೀರಿಗೆ ಬಿದ್ದಿದ್ದರೆ, ಕೆಸರು ಒಳಹೊಕ್ಕಿದ್ದರೆ ನೀರು ಆರಿದ ಮೇಲೂ ಅದರ ಲವಣ, ಮಣ್ಣು ಸರ್ಕ್ಯೂಟಿನಲ್ಲೇ ಉಳಿದು ತುಕ್ಕಿಗೆ ದಾರಿಯಾಗುತ್ತವೆ. ಅದಕ್ಕೆ ರಿಪೇರಿ ಮಾಡುವವರೇ ಬೇಕು. ಮಿಕ್ಕಂತೆ, ಕೆಟ್ಟಿದೆಯೋ ಇಲ್ಲವೋ ನೋಡೋಣವೆಂದು ಮಧ್ಯದಲ್ಲಿ ಸ್ವಿಚ್ ಒತ್ತುವ ಆತುರವೇ ತೇವಕ್ಕಿಂತ ದೊಡ್ಡ ಶತ್ರು. ಒಳಗೆ ಉಳಿದ ಒಂದು ಹನಿಗೆ ವಿದ್ಯುತ್ ಸೇರಿದರೆ ಒಣಗಿಸಿದ ಶ್ರಮವೆಲ್ಲ ವ್ಯರ್ಥ.