ಊರ ನೆಲವೇ ಮೊದಲ ಪಾಠ

ದೂರದ ದೇಶಗಳ ರಾಜಧಾನಿಗಳನ್ನು ತಪ್ಪಿಲ್ಲದೆ ಒಪ್ಪಿಸುವ ಬಾಲಕನು ತನ್ನೂರ ಹೊಳೆಯ ಹುಟ್ಟನ್ನರಿಯದಿದ್ದರೆ ಆ ಭೂಗೋಳ ವಿದ್ಯೆಯಿಂದ ಫಲವೇನು? ಬೆಳ್ತಂಗಡಿಯ ಮಕ್ಕಳು ಗಡಾಯಿಕಲ್ಲಿನ ಬುಡದಲ್ಲಿ ನಿಂತು, 1794ರಲ್ಲಿ ಟಿಪ್ಪುವು ಆ ಕಡಿದಾದ ಬಂಡೆಯ ಮೇಲೆಯೇ ಕೋಟೆ ಕಟ್ಟಿಸಿದುದೇಕೆಂದು ಯೋಚಿಸಲಿ. ಮೂಡಬಿದಿರೆಯವರು 1430ರ ಸಾವಿರ ಕಂಬದ ಬಸದಿಯ ಇಳಿಜಾರು ಮಾಡನ್ನು ಕಂಡು, ಶಿಲ್ಪಿಗೆ ಮಳೆಯೂ ಗುರುವಾದುದನ್ನು ತಿಳಿಯಲಿ. ಬಂಟವಾಳದವರು, ದೋಣಿಗಳನ್ನು ತಂದು ಪೇಟೆಯನ್ನು ಬೆಳೆಸಿದ ನೇತ್ರಾವತಿಯೇ 1923ರಲ್ಲಿಯೂ 1974ರಲ್ಲಿಯೂ ಅದನ್ನು ಮುಳುಗಿಸಿದ ಕಥೆಯನ್ನು ದಂಡೆಯಲ್ಲಿಯೇ ಕೇಳಲಿ. ನಾಳೆ ಆ ದಂಡೆಯಲ್ಲಿ ಮನೆ ಕಟ್ಟುವವರು ಈ ಮಕ್ಕಳೇ ಅಲ್ಲವೆ? ನೆರೆಯೇರಿದ ಮಟ್ಟವನ್ನು ಭೂಪಟವು ಹೇಳದು. ಉಪಾಧ್ಯಾಯರೇ, ತಿಂಗಳಿಗೊಂದು ದಿನ ಮಕ್ಕಳೊಡನೆ ಶಾಲೆಯ ಹೊಸ್ತಿಲನ್ನು ದಾಟಿರಿ. ನೆಲವನ್ನರಿಯದವರು ಅದನ್ನು ಕಾಯುವುದೆಂತು?